ಹಸಿ ಸುಣ್ಣದ ಭಾನುವಾರ

ನಮ್ಮ ಚರ್ಚಿನ ನಾಲ್ಕು ಗೋಡೆಗೆ ಒಳಗಿನಿಂದ ಒಂದು ಕೈ ಸುಣ್ಣ ಹೊಡೆಯಲು ಚಿಪ್ಪಿನ ಸುಣ್ಣ ಐದು ಮೂಟೆ ಬೇಕು. ಮೂಟೆಗೆ ನಾನೂರ ಇಪ್ಪತ್ತು. ಅಂಟಿಗೆ ಮುನ್ನೂರು, ಉಪ್ಪಿಗೆ ಅರವತ್ತು, ನೀಲಿಗೆ ನಲವತ್ತು. ಸಾರುವೆಯ ಬಿದಿರಿನ ಬಾಡಿಗೆ ಏಳುನೂರು. ಕತ್ತಾಳೆ ನಾರಿನ ಕುಂಚವನ್ನು ನಾವೇ ಕಟ್ಟಿಕೊಳ್ಳುತ್ತೇವೆ, ಅದಕ್ಕೆ ಬೆರಳು ಸೀಳುವುದು ಬಿಟ್ಟರೆ ಬೇರೆ ಖರ್ಚಿಲ್ಲ. ಮೂರು ಜನರಿಗೆ ಎರಡು ದಿನದ ಕೂಲಿ. ಎಲೆ ಅಡಿಕೆಗೆ ಬೇರೆ ನೂರು ರೂಪಾಯಿ. ಎಲೆ ಅಡಿಕೆ ನಮ್ಮ ಚಟವಲ್ಲ, ಕೆಲಸದ ಸಾಮಾನು. ಇಪ್ಪತ್ತೆರಡು ವರ್ಷ ನಮ್ಮ ಸಭೆ ಈ ಖರ್ಚನ್ನೆಲ್ಲ ಉಳಿಸಿತು. ಉಳಿಸಿದ್ದಕ್ಕೆ ಏನು ತೆತ್ತೆವು, ಆಮೇಲೆ ಏನು ಪಡೆದೆವು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಆ ಗೋಡೆಯನ್ನು ಕೆರೆದವಳೂ ನಾನೇ, ಬಳಿದವಳೂ ನಾನೇ.

ನಮ್ಮೂರಿನ ಸುಣ್ಣ ಹಸಿಯಿರುವಾಗ ಮೊದಲು ಕೇಳಿದ್ದನ್ನು ಇಟ್ಟುಕೊಳ್ಳುತ್ತದೆ. ಒಣಗಿದ ಮೇಲೆ ದಿನಾ ಅದೇ ಹೊತ್ತಿಗೆ ಅದನ್ನು ವಾಪಸು ಕೊಡುತ್ತದೆ, ಮೇಲೆ ಇನ್ನೊಂದು ಕೈ ಬೀಳುವ ತನಕ. ಅದಕ್ಕೇ ನಮ್ಮೂರಿನಲ್ಲಿ ಸುಣ್ಣ ಹೊಡೆದ ದಿನ ಗಂಡ ಹೆಂಡತಿ ಜಗಳ ಆಡುವುದಿಲ್ಲ. ಬಳೆ ಅಂಗಡಿಯ ರುಕ್ಮಯ್ಯ ಒಂದು ವರ್ಷ ತಡೆಯಲಾರದೆ ಆಡಿಬಿಟ್ಟ. ಮುಂದಿನ ದೀಪಾವಳಿಯ ತನಕ ಅವನ ನಡುಮನೆಯ ಗೋಡೆ ಪ್ರತಿದಿನ ಮೂರೂವರೆಗೆ, ನಿಮ್ಮಪ್ಪ ಕೊಟ್ಟ ಹಂಡೆ ತೂತು ಎಂದು ಹೇಳುತ್ತಿತ್ತು. ಪಾಪ, ಮಾವ ಬಂದಾಗಲೂ ಹೇಳಿತು. ಸುಣ್ಣದ ಕೆಲಸದ ನಾವು ಮಾತ್ರ ಬಾಯಲ್ಲಿ ಎಲೆ ತುಂಬಿಕೊಂಡೇ ಗೋಡೆಯ ಮುಂದೆ ನಿಲ್ಲುತ್ತೇವೆ. ನನ್ನ ತಾಯಿ ಲೇಯಮ್ಮ ನನಗೆ ಕುಂಚ ಹಿಡಿಯುವುದನ್ನು ಕಲಿಸುವ ಮೊದಲು ಬಾಯಿ ಮುಚ್ಚುವುದನ್ನು ಕಲಿಸಿದಳು.

ಚರ್ಚಿನಲ್ಲಿ ಈಸ್ಟರ್ ಹಬ್ಬದ ಹಿಂದಿನ ದಿನ ಸುಣ್ಣ. ಮರುದಿನ ಒಂಬತ್ತರ ಗಂಟೆಗೆ, ಗೋಡೆ ಇನ್ನೂ ಕೈಗೆ ಅಂಟುತ್ತಿರುವಾಗ, ಸಭೆಯೆಲ್ಲ ನಿಂತು ಬೆಳಗಿನ ಕೀರ್ತನೆ ಹಾಡುತ್ತಿತ್ತು. ಅದಕ್ಕೆ ನಾವು ಹಸಿ ಸುಣ್ಣದ ಭಾನುವಾರ ಎನ್ನುತ್ತಿದ್ದೆವು. ಆ ಒಂದು ದಿನ ಸುಣ್ಣದವರು ಒಳಗೆ ಬರುವಂತಿರಲಿಲ್ಲ, ಚರ್ಚಿನ ಸುತ್ತಲಿನ ಜಗಲಿಯಲ್ಲಿ ಕೂರಬೇಕು. ನಮ್ಮ ಒರಟು ದನಿ ಗೋಡೆಗೆ ಹತ್ತಿದರೆ ವರ್ಷವಿಡೀ ಕೇಳಬೇಕಾಗುತ್ತದೆ ಎಂದು ಹಿರಿಯರು ಯಾವ ಕಾಲದಲ್ಲೋ ಮಾಡಿದ ಕಟ್ಟಳೆ. ಒಂದು ದಿನಕ್ಕೆಂದು ಹೊರಗೆ ಕೂತವರು ಉಳಿದ ಭಾನುವಾರಗಳಲ್ಲೂ ಅಲ್ಲೇ ಕೂರುವುದು ರೂಢಿಯಾಯಿತು. ಯಾರೂ ತಳ್ಳಲಿಲ್ಲ, ಯಾರೂ ಕರೆಯಲೂ ಇಲ್ಲ. ನನ್ನ ತಾಯಿ ನಲವತ್ತು ವರ್ಷ ಬಳಿದ ಗೋಡೆಯಲ್ಲಿ ಅವಳ ಒಂದು ಉಸಿರೂ ಇರಲಿಲ್ಲ.

ಗೋಡೆ ಕೆರೆಯುವ ಇಪ್ಪತ್ತೆರಡು ವರ್ಷ ಮೊದಲು ಒಂದು ಈಸ್ಟರ್‌ನಲ್ಲಿ ಹಾಡು ಬಹಳ ಚೆನ್ನಾಗಿ ಕೂಡಿತು. ಹಾಡಿಸಿದವರು ತಿಮೊಥೆ ಮಾಸ್ತರ ಹೆಂಡತಿ ಸಲೋಮೆಯಮ್ಮ. ಉತ್ತರದ ಗೋಡೆಯ ಮೂರನೆಯ ಕಿಟಕಿಯ ಪಕ್ಕ ನಿಂತು ಅವರು ಎತ್ತಿಕೊಂಡರೆ ಗಂಡಸರ ದನಿ, ಹೆಂಗಸರ ದನಿ ನಾಲ್ಕು ಎಳೆಯಾಗಿ ಹೆಣೆದುಕೊಳ್ಳುತ್ತಿತ್ತು. ಆ ಮಳೆಗಾಲದಲ್ಲಿ ಜ್ವರ ಬಂದು ಅವರು ತೀರಿಕೊಂಡರು. ಮುಂದಿನ ಈಸ್ಟರ್‌ಗೆ ಸುಣ್ಣ ಅರಳಿಸಿ ಇಟ್ಟುಕೊಂಡು ಕೇಳಲು ಹೋದರೆ, ಸಭೆಯ ಹಿರಿಯರಾಗಿದ್ದ ಮಾಸ್ತರು, ಈ ಒಂದು ವರ್ಷ ಬಿಡೋಣ ಎಂದರು. ಯಾರಿಗೆ ತಾನೇ ಬೇಡ ಎನ್ನಲು ಮನಸ್ಸು ಬಂದೀತು? ಒಂದು ಎರಡಾಯಿತು, ಎರಡು ಇಪ್ಪತ್ತೆರಡಾಯಿತು. ದನಿ ಸೋರಿ ಹೋದೀತೆಂದು ಆ ಕಡೆಯ ಕಿಟಕಿಗಳನ್ನು ಮುಚ್ಚಿ ಮೊಳೆ ಹೊಡೆದರು.

ಅಲ್ಲಿಂದ ಮುಂದೆ ಹಾಡಿದ್ದು ಗೋಡೆ. ಅಷ್ಟು ಚೆಂದದ ಹಾಡಿನ ಮೇಲೆ ತಮ್ಮ ದನಿ ಏಕೆ ಎಂದು ಜನ ಮೊದಲು ಮೆಲ್ಲಗೆ ಹಾಡಿದರು, ಆಮೇಲೆ ತುಟಿ ಮಾತ್ರ ಆಡಿಸಿದರು, ಆಮೇಲೆ ಕೈಕಟ್ಟಿ ಕೂತರು. ಮಕ್ಕಳು ಎದ್ದು ಹೋದರು. ನನ್ನ ಮಗಳೇ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನ ಪ್ರಾರ್ಥನೆಗೆ ಹೋಗತೊಡಗಿದಳು. ನಾನು ಬೈದೆ. ಅವಳು, "ಅಲ್ಲಿ ನಂಗೆ ಹಾಡು ಅಂತಾರೆ ಅಮ್ಮ. ಇಲ್ಲಿ ಸುಮ್ಮನಿರು ಅಂತಾರೆ," ಎಂದಳು. ಇನ್ನೂರು ಜನರಿದ್ದ ಸಭೆ ಹತ್ತೊಂಬತ್ತಕ್ಕೆ ಇಳಿಯಿತು, ಜಗಲಿಯ ನಾವು ಏಳು ಜನ ಬಿಟ್ಟು. ನಮ್ಮನ್ನು ಆಗ ಯಾರೂ ಎಣಿಸುತ್ತಿರಲಿಲ್ಲ.

ಹೀಗಿದ್ದಾಗ ಪ್ರಭುಕುಮಾರ ಅಯ್ಯನವರು ಸಭಾಪಾಲಕರಾಗಿ ಬಂದರು. ಮೂವತ್ತೈದರ ಹುರುಪಿನ ಮನುಷ್ಯ. ಬಂದ ತಿಂಗಳಲ್ಲೇ ಕೀಬೋರ್ಡ್ ತರಿಸಿದರು. ಗೋಡೆ ತನ್ನ ಹಳೆಯ ನಡೆಯಲ್ಲೇ ಹಾಡಿತು, ಕೀಬೋರ್ಡ್ ಮುಂದೆ ಓಡಿತು. ಎತ್ತಿನ ಗಾಡಿಗೆ ಸೈಕಲ್ಲು ಕಟ್ಟಿದ ಹಾಗಾಯಿತು. ಪರದೆ ಕಟ್ಟಿ ದೊಡ್ಡ ಅಕ್ಷರದಲ್ಲಿ ಹಾಡು ಮೂಡಿಸಿದರು. ಜನ ಓದಿದರು, ಹಾಡಲಿಲ್ಲ. ಕೊನೆಗೆ ಗೋಡೆಯ ಕಾಟವೇ ಬೇಡವೆಂದು ಆರಾಧನೆಯನ್ನು ಹನ್ನೊಂದು ಗಂಟೆಗೆ ಇಟ್ಟರು. ಜನ ಒಂಬತ್ತಕ್ಕೆ ಬಂದು, ಗೋಡೆಯ ಹಾಡು ಕೇಳಿ, ಹತ್ತಕ್ಕೆ ಮನೆಗೆ ಹೋದರು. ಹನ್ನೊಂದಕ್ಕೆ ಒಳಗೆ ಅಯ್ಯನವರು, ಅವರ ಹೆಂಡತಿ, ಒಂದು ನಾಯಿ. ನನಗೆ ನಗುವೂ ಬಂತು, ಕನಿಕರವೂ ಬಂತು. ಅಡುಗೆ ಸರಿಯಿಲ್ಲವೆಂದು ತಟ್ಟೆ ಬದಲಾಯಿಸುತ್ತಿದ್ದಾರಲ್ಲ ಎನ್ನಿಸಿತು.

ಅದೇ ವರ್ಷ ಬಿಷಪ್ಪರ ಕಚೇರಿಯಿಂದ ಕಾಗದ ಬಂತು. ಉತ್ತರದ ಗೋಡೆ ಹೊರಕ್ಕೆ ಉಬ್ಬಿದೆ, ಮಳೆಗಾಲದೊಳಗೆ ಗಟ್ಟಿ ಮಾಡದಿದ್ದರೆ ಚರ್ಚಿಗೆ ಬೀಗ, ಸಭೆಯವರು ಹೊಳೆಯಾಚೆಯ ಚರ್ಚಿಗೆ ಸೇರಿಕೊಳ್ಳತಕ್ಕದ್ದು. ಅಯ್ಯನವರು ಕಾಗದ ಹಿಡಿದು ನನ್ನ ಸುಣ್ಣದ ಗೂಡಿನ ಹತ್ತಿರಕ್ಕೇ ಬಂದರು. ನಾನು ಹೋಗಿ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಬಂದೆ. ಒಣ ತೆಂಗಿನಕಾಯಿಯ ಹಾಗೆ ಟೊಳ್ಳು ಸದ್ದು. ಮೂರನೆಯ ಕಿಟಕಿಯ ಪಕ್ಕ, ಕುರ್ಚಿಯಲ್ಲಿ ಕೂತವನ ಕಿವಿಯ ಎತ್ತರಕ್ಕೆ, ಒಂದು ಬಾಗಿಲಗಲದ ಜಾಗ ಹೊಳೆಯುತ್ತಿತ್ತು. ಉಗುರು ಹಾಕಿದೆ. ಸುಣ್ಣ ಹೀಗೆ ಸಿಪ್ಪೆಯಾಗಿ ಏಳುವುದಿಲ್ಲ. ಎದ್ದದ್ದು ವಾರ್ನಿಷ್. ಅದರ ಹಿಂದೆ ಹಸಿರು ಪಾಚಿ, ನೀರು, ಕೊಳೆತ ಗಾರೆ. ಗೋಡೆಗೂ ಉಸಿರು ಬೇಕು. ಒಳಗಿನ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ದಾರಿ ಮುಚ್ಚಿದರೆ ಒಳಗೇ ನಿಂತು ಗೋಡೆಯನ್ನು ತಿನ್ನುತ್ತದೆ.

ಆ ಜಾಗದಲ್ಲಿ ದಿನಾ ಒಂಬತ್ತಕ್ಕೆ ಕುರ್ಚಿ ಹಾಕಿ ಕೂರುವವರು ಯಾರೆಂದು ಊರಿಗೇ ಗೊತ್ತು. ನಾನು ಅಯ್ಯನವರಿಗೆ ಹೇಳಲಿಲ್ಲ. ಮರುದಿನ ಒಂಬತ್ತಕ್ಕೆ ಒಬ್ಬಳೇ ಹೋದೆ. ತಿಮೊಥೆ ಮಾಸ್ತರು ಗೋಡೆಗೆ ಕಿವಿ ಕೊಟ್ಟು ಕೂತಿದ್ದರು. ಎಂಬತ್ತು ದಾಟಿದ ಮನುಷ್ಯ, ಆದರೂ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಹಾಡು ಮುಗಿಯುವ ತನಕ ಕಾದೆ. ನಾಲ್ಕು ಎಳೆಯಲ್ಲಿ ಮೂರು ಸರಿಯಾಗಿ ಕೇಳುತ್ತಿದ್ದವು. ಮೂರನೆಯ ಕಿಟಕಿಯಿಂದ ಬರುವುದು ಮಾತ್ರ ತುಂಬಿದ ಬಾವಿಯೊಳಗಿನಿಂದ ಬಂದ ಹಾಗಿತ್ತು.

"ವಾರ್ನಿಷ್ ಎಷ್ಟು ಸಲ ಹಚ್ಚಿದ್ರಿ ಮಾಸ್ತರೇ?" ಎಂದು ಕೇಳಿದೆ.

ಅವರು ಕುರ್ಚಿಯನ್ನು ಗೋಡೆಯಿಂದ ತುಸು ಹಿಂದಕ್ಕೆ ಸರಿಸಿದರು. "ವರ್ಷಕ್ಕೊಂದು ಸಲ," ಎಂದರು. "ಉದುರಬಾರದು ಅಂತ. ಇತ್ತೀಚೆಗೆ ಅವಳು ದೂರ ಹೋಗ್ತಿದ್ದಾಳೆ ಎಸ್ತೇರಿ. ನನ್ನ ಕಿವಿ ಮಂದ ಆಯ್ತು ಅಂದ್ಕೊಂಡಿದ್ದೆ."

"ಕಿವಿ ಚೆನ್ನಾಗಿದೆ. ಗೋಡೆಗೆ ಉಸಿರು ಕಟ್ಟಿದೆ."

ಸುಣ್ಣಕ್ಕೆ ಬೇಡ ಎಂದ ಒಂದೊಂದು ಕೈಯನ್ನೂ ಅವರು ವರ್ಷ ವರ್ಷ ವಾರ್ನಿಷ್‌ನಲ್ಲಿ ಹೊಡೆಯುತ್ತಾ ಬಂದಿದ್ದರು. ಕಾಯಲು ಹೋಗಿಯೇ ಕೊಂದೆನೇ ಎಂಬ ಮುಖ ಮಾಡಿದರು. ಆ ಮುಖ ನೋಡಿದ ಮೇಲೆ ನನಗೆ ಅವರನ್ನು ಬೈಯಬೇಕೆನ್ನಿಸಲಿಲ್ಲ. ಸಾವಿನ ಮನೆಯಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಅವರು ಮಾಡಿದ್ದರು, ಅವರ ಕೈಯಲ್ಲಿ ಬ್ರಷ್ ಇತ್ತು ಅಷ್ಟೇ. ಗೋಡೆಯನ್ನು ಕಲ್ಲಿನ ತನಕ ಕೆರೆದು ಹೊಸ ಗಾರೆ ಹಾಕಿದರೆ ನಿಲ್ಲುತ್ತದೆ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೀಳುತ್ತದೆ, ಬಿದ್ದರೆ ಸಲೋಮೆಯಮ್ಮನವರ ದನಿಯೂ ಬೀಳುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾರ್ನಿಷ್ ವಿಷಯ ನನ್ನ ಬಾಯಿಂದ ಹೊರಗೆ ಬರುವುದಿಲ್ಲ ಎಂದೂ ಹೇಳಿದೆ. ಬಾಯಿ ಮುಚ್ಚುವುದು ನಮ್ಮ ಕಸುಬು.

ಆದರೆ ಮುಂದಿನ ಭಾನುವಾರ ಅವರೇ ಎದ್ದು ನಿಂತು ಸಭೆಗೆಲ್ಲ ಹೇಳಿದರು. ಗೋಡೆ ಕೆಡಿಸಿದವನು ನಾನು, ಕೆರೆಯಿರಿ ಎಂದರು. ಕೆಲವರು ಗೊಣಗಿದರು. ಈ ಹಾಡೂ ಹೋದರೆ ಚರ್ಚಿನಲ್ಲಿ ಉಳಿಯುವುದೇನು ಎಂದು ಕೇಳಿದವರೂ ಇದ್ದರು. ಅದಕ್ಕೆ ಅಯ್ಯನವರು ಬೋಧನೆ ಮಾಡಲಿಲ್ಲ, ಅದು ಅವರ ದೊಡ್ಡತನ. ನಾವು ಉಳೀತೀವಿ ಎಂದಷ್ಟೇ ಹೇಳಿ ಕೂತರು.

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಮೊದಲಿನ ಭಾನುವಾರ ಗೋಡೆಯ ಕೊನೆಯ ಹಾಡು ಎಂದು ಊರಿಗೆಲ್ಲ ಗೊತ್ತಾಯಿತು. ಮುನ್ನೂರು ಜನ ಬಂದರು. ಬಳೆ ಅಂಗಡಿಯ ರುಕ್ಮಯ್ಯ ಬಂದ, ಮಸೀದಿ ಬೀದಿಯ ಹೆಂಗಸರು ಬಂದರು, ಬಿಟ್ಟುಹೋದವರೆಲ್ಲ ಬಂದು ಕಣ್ಣೊರೆಸಿಕೊಂಡರು. ಅಯ್ಯನವರ ಮುಖ ಅರಳಿತ್ತು. ಮುಂದಿನ ಭಾನುವಾರ ಎಣಿಸಿದರೆ ಮತ್ತೆ ಹತ್ತೊಂಬತ್ತು. ಸತ್ತವರ ಹಾಡು ಕೇಳಲು ಮುನ್ನೂರು ಜನ ಬರುತ್ತಾರೆ, ತಾವು ಹಾಡಬೇಕು ಎಂದರೆ ಹತ್ತೊಂಬತ್ತು. ಅವರಿಗೆ ಬೇಸರವಾಯಿತು. ನಾನು, ಗೋಡೆ ನಿಲ್ಲೋಕೆ ಎಷ್ಟು ಕಲ್ಲು ಬೇಕೋ ಅಷ್ಟು ಇದ್ರೆ ಸಾಕು ಅಯ್ನೋರೇ, ನೋಡೋಕೆ ಬಂದವರು ಹೊರೆ ಹೊರಲ್ಲ ಎಂದೆ.

ಕೆರೆದದ್ದು ಆ ಮುನ್ನೂರು ಜನ ಬಂದ ಭಾನುವಾರದ ಮರುದಿನ, ಸೋಮವಾರ. ನಾನು, ನನ್ನ ನಾದಿನಿ ದೀನಮ್ಮ, ಅವಳ ಗಂಡ, ಮೂವರೂ ಉಳಿ ಹಿಡಿದು ನಿಂತಿದ್ದೆವು. ಮಾಸ್ತರು ಬಂದು ಒಂಬತ್ತು ಆಗಲಿ ಎಂದರು. ಗಂಟೆ ಹೊಡೆಯಿತು. ಗೋಡೆ ಕೊನೆಯ ಸಲ ಪೂರ್ತಿ ಹಾಡಿತು. ಅವರು ಕುರ್ಚಿಯಿಂದ ಎದ್ದು, ನನ್ನ ಕೈಯಿಂದ ಉಳಿ ತೆಗೆದುಕೊಂಡು, ಮೂರನೆಯ ಕಿಟಕಿಯ ಪಕ್ಕ ಮೊದಲ ಏಟು ತಾವೇ ಹಾಕಿದರು. ಅಂಗೈಯಗಲದ ಹಕ್ಕಳೆಯೊಂದು ಬಿತ್ತು. ಉತ್ತರದ ಗೋಡೆಯನ್ನು ಕಲ್ಲಿನ ತನಕ ಕೆರೆದೆವು, ಉಳಿದ ಮೂರರ ಹಳೆಯ ಸುಣ್ಣವನ್ನೂ ಕೆರೆದೆವು. ಕಿಟಕಿಗಳ ಮೊಳೆ ಕಿತ್ತೆವು. ಇಪ್ಪತ್ತೆರಡು ವರ್ಷದ ಮೇಲೆ ಆ ಕಡೆಯಿಂದ ಗಾಳಿ ಬಂತು, ಜೊತೆಗೆ ಎದುರಿನ ಬೇಕರಿಯ ಬನ್ನಿನ ವಾಸನೆ. ಇಷ್ಟು ವರ್ಷ ಇದು ಇಲ್ಲೇ ಇತ್ತಾ ಎಂದು ಅಯ್ಯನವರ ಹೆಂಡತಿ ಆಶ್ಚರ್ಯಪಟ್ಟರು.

ಹಳೆಯ ಗಾರೆಯನ್ನು ನಾವು ಎಸೆಯುವುದಿಲ್ಲ. ಕುಟ್ಟಿ, ಜರಡಿ ಹಿಡಿದು, ಹೊಸ ಗಾರೆಗೆ ಬೆರೆಸುತ್ತೇವೆ. ದೀನಮ್ಮ ಕುಟ್ಟುತ್ತಿದ್ದಾಗ ಮಾಸ್ತರು ಆ ಹಕ್ಕಳೆಯನ್ನು ತಂದು ಅವಳ ಮುಂದೆ ಇಟ್ಟು, ಇದನ್ನೂ ಹಾಕಿದರೆ ಅವಳ ದನಿ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ಹೌದು ಎನ್ನುವ ಆಸೆ ನಾಲಗೆಯ ತನಕ ಬಂತು.

"ಬರಲ್ಲ ಮಾಸ್ತರೇ," ಎಂದೆ. "ಹಳೆ ಸುಣ್ಣ ಹಾಡಲ್ಲ. ಆದ್ರೆ ಹೊಸದು ಬಿರುಕು ಬಿಡದ ಹಾಗೆ ಹಿಡ್ಕೊಂಡಿರುತ್ತೆ."

ಅವರು ಹಕ್ಕಳೆಯ ವಾರ್ನಿಷ್ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಉಳಿದದ್ದನ್ನು ಒರಳಿಗೆ ಹಾಕಿದರು.

ಗಾರೆ ಒಣಗುವ ಆರು ಭಾನುವಾರ ಚರ್ಚಿನಲ್ಲಿ ಹಾಡೇ ಇರಲಿಲ್ಲ. ಗೋಡೆ ಹಾಡುವುದಿಲ್ಲ, ಜನರಿಗೆ ಹಾಡುವುದು ಮರೆತಿದೆ. ಒಂಬತ್ತರ ಗಂಟೆ ಹೊಡೆದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಸುಮ್ಮನಿರುವಿಕೆಯಲ್ಲಿ ಯಾರಿಗೆ ಉಬ್ಬಸ, ಯಾರ ಮಂಡಿ ಲಟಕ್ ಅನ್ನುತ್ತದೆ, ಯಾರು ಒಳಗೊಳಗೇ ಅಳುತ್ತಿದ್ದಾರೆ ಎನ್ನುವುದು ಮೊದಲ ಸಲ ಅವರವರಿಗೆ ಕೇಳಿಸಿತು. ಉಬ್ಬಸದ ಮುದುಕಿಯ ಮನೆಗೆ ಮೂರನೆಯ ವಾರದಿಂದ ಯಾರೋ ಕಷಾಯ ಒಯ್ಯತೊಡಗಿದರು. ಅಷ್ಟು ವರ್ಷ ಆಕೆಯ ಉಬ್ಬಸವನ್ನು ಗೋಡೆಯ ಹಾಡು ಮುಚ್ಚಿತ್ತು.

ಹಬ್ಬದ ಹಿಂದಿನ ದಿನ ನಾಲ್ಕೂ ಗೋಡೆಗೆ ಸುಣ್ಣ ಹೊಡೆದೆವು. ಮರುದಿನ ಬೆಳಿಗ್ಗೆ ಮಿಂದು, ಮಡಿ ಬಟ್ಟೆ ಉಟ್ಟು, ಬಾಯಲ್ಲಿ ಎಲೆ ತುಂಬಿಕೊಂಡು ಏಳು ಜನವೂ ಜಗಲಿಯಲ್ಲಿ ಕೂತೆವು. ಒಳಗೆ ಒಂಬತ್ತರ ಗಂಟೆ ಹೊಡೆಯಿತು. ಅಯ್ಯನವರು ಎತ್ತಿಕೊಂಡರು, ಬಹಳ ಮೇಲಕ್ಕೆ ಎತ್ತಿಕೊಂಡರು, ಎರಡನೆಯ ಸಾಲಿಗೆ ದನಿ ಒಡೆಯಿತು. ಹಿಂದೆ ಯಾರೂ ಸೇರಲಿಲ್ಲ. ಯಾರೋ ಕೆಮ್ಮಿದರು. ಮತ್ತೆ ಸುಮ್ಮನಾಯಿತು. ಹಸಿ ಸುಣ್ಣ ಬೆಳ್ಳಗೆ ಕಾಯುತ್ತಿತ್ತು. ಹೀಗೇ ಒಣಗಿದರೆ ವರ್ಷಪೂರ್ತಿ ಒಂದು ಒಡಕು ದನಿ, ಒಂದು ಕೆಮ್ಮು, ಆಮೇಲೆ ಏನೂ ಇಲ್ಲ. ಬಿಷಪ್ಪರ ಕಚೇರಿಯ ಬೀಗಕ್ಕಿಂತ ಅದು ಕೆಟ್ಟದ್ದು ಎನ್ನಿಸಿತು. ಆದರೂ ಎದ್ದು ಒಳಗೆ ಹೋಗಬೇಕು ಎಂದು ನನಗೆ ಹೊಳೆಯಲಿಲ್ಲ. ಮೂರು ತಲೆಮಾರಿನ ಅಭ್ಯಾಸ.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮಾಸ್ತರು ಹೊಸ್ತಿಲು ದಾಟಿ ಜಗಲಿಗೆ ಬಂದು ನನ್ನೆದುರು ನಿಂತರು.

"ಒಳಗೆ ಬಾ ಎಸ್ತೇರಿ."

ಎಲೆಯನ್ನು ದವಡೆಗೆ ಸರಿಸಿ, "ಹಸಿ ಸುಣ್ಣ ಮಾಸ್ತರೇ," ಎಂದೆ. "ನಾವು ಬಾಯಿ ಬಿಟ್ರೆ ವರ್ಷ ಪೂರ್ತಿ ಕೇಳಬೇಕಾಗುತ್ತೆ."

"ಕೇಳ್ತೀವಿ," ಎಂದರು ಮಾಸ್ತರು.

ನಾನು ಎದ್ದು ಎಲೆಯನ್ನು ಮೆಟ್ಟಿಲ ಪಕ್ಕದಲ್ಲಿ ಉಗಿದೆ. ಉಳಿದ ಆರು ಜನವೂ ಉಗಿದರು. ದೀನಮ್ಮ ನನ್ನ ಸೆರಗು ಹಿಡಿದು, "ಅತ್ತಿಗೆ, ನನಗೆ ಗಂಡಸರದ್ದು ಮಾತ್ರ ಬರುತ್ತೆ," ಎಂದು ಪಿಸುಗುಟ್ಟಿದಳು. ಅವಳು ಕೂರುತ್ತಿದ್ದದ್ದು ಗಂಡಸರ ಕಡೆಯ ಕಿಟಕಿಯ ಕೆಳಗೆ. ಇಪ್ಪತ್ತೆರಡು ವರ್ಷ ಅದನ್ನೇ ಕೇಳಿದ್ದಳು. ನನ್ನ ಜಾಗ ಮೂರನೆಯ ಕಿಟಕಿಯ ಹೊರಗೆ. ಕಿಟಕಿ ಮುಚ್ಚಿದ್ದರೂ ಸಂದಿಯಲ್ಲಿ ಬರುತ್ತಿದ್ದ ಸಲೋಮೆಯಮ್ಮನ ಎಳೆ ನನಗೆ ಉಸಿರಿನಷ್ಟು ಬಾಯಿಪಾಠವಾಗಿತ್ತು. ಒಳಗಿನವರು ಕೇಳುತ್ತಾ ಕೇಳುತ್ತಾ ಮರೆತಿದ್ದರು, ಹೊರಗಿನ ನಾವು ಕೇಳುತ್ತಾ ಕೇಳುತ್ತಾ ಕಲಿತಿದ್ದೆವು. ಅದಾಗುವ ತನಕ ಅದು ನಮಗೂ ಗೊತ್ತಿರಲಿಲ್ಲ.

ನಾನು ಮೂರನೆಯ ಕಿಟಕಿಯ ಪಕ್ಕ ನಿಂತು, ನನ್ನ ಗಂಟಲಿಗೆ ಎಟಕುವಷ್ಟು ಕೆಳಗೆ ಎತ್ತಿಕೊಂಡೆ. ಸುಣ್ಣದ ಧೂಳು ತಿಂದ ಗಂಟಲು, ಕೇಳಲು ಇಂಪಲ್ಲ. ದೀನಮ್ಮ ಕೆಳಗಿನಿಂದ ಗಂಡಸರ ಎಳೆ ಹಿಡಿದು ಎಮ್ಮೆಯ ಹಾಗೆ ಗಟ್ಟಿಯಾಗಿ ನಿಂತಳು. ಎರಡನೆಯ ಚರಣಕ್ಕೆ ಉಬ್ಬಸದ ಮುದುಕಿ ಸೇರಿದಳು. ಮೂರನೆಯದಕ್ಕೆ ಎಲ್ಲರೂ. ಮಾಸ್ತರು ಹಾಡಲಾರದೆ ಹಾಡಿದರು.

ಮರುದಿನ ಒಂಬತ್ತಕ್ಕೆ ಗೋಡೆ ಎಲ್ಲವನ್ನೂ ವಾಪಸು ಕೊಟ್ಟಿತು. ಅಯ್ಯನವರ ಒಡೆದ ದನಿ, ಕೆಮ್ಮು, ಕೋಲಿನ ಸದ್ದು, ಬಾಗಿಲಾಚೆಯಿಂದ ಏಳು ಸಲ ಥೂ ಥೂ, ಆಮೇಲೆ ಹಾಡು. ಅಯ್ಯನವರು ನಾಚಿ ಕೆಂಪಾದರು. ಮುಂದಿನ ಭಾನುವಾರ ಗೋಡೆ ಶುರು ಮಾಡುತ್ತಲೇ ಜನ ನಗು ತಡೆಯಲಾರದೆ, ಆ ಒಡಕನ್ನು ಮುಚ್ಚಲೆಂದು ಮೊದಲ ಸಾಲಿನಿಂದಲೇ ಗಟ್ಟಿಯಾಗಿ ಹಾಡಿದರು. ಒಳ್ಳೆಯ ಹಾಡು ಅವರ ಬಾಯಿ ಮುಚ್ಚಿಸಿತ್ತು, ಅರೆಬರೆ ಹಾಡು ತೆರೆಸಿತು. ಆವತ್ತಿನಿಂದ ನಮ್ಮಲ್ಲಿ ಯಾರೂ ಸುಮ್ಮನೆ ಕೂತದ್ದಿಲ್ಲ. ಪ್ರತಿ ಈಸ್ಟರ್‌ಗೆ ಸುಣ್ಣ, ಪ್ರತಿ ವರ್ಷ ಹೊಸ ತಪ್ಪು. ಒಂದು ವರ್ಷ ಮಗುವಿನ ಅಳು ಹತ್ತಿತು, ಒಂದು ವರ್ಷ ಬೇಕರಿಯವನ ಗಂಟೆ. ಬೀಗ ಬೀಳಲಿಲ್ಲ. ನನ್ನ ಮಗಳು ಈಗಲೂ ತಗಡಿನ ಶೆಡ್ಡಿಗೇ ಹೋಗುತ್ತಾಳೆ, ತಿಂಗಳ ಮೊದಲ ಭಾನುವಾರ ಮಾತ್ರ ನನ್ನ ಜೊತೆ ಬಂದು ಇಲ್ಲಿ ಚಪ್ಪಾಳೆ ತಟ್ಟುತ್ತಾಳೆ. ಮೊದಲು ಕೆಲವರು ತಿರುಗಿ ನೋಡಿದರು. ಈಗ ಅವರ ಪಾದವೂ ತಾಳ ಹಾಕುತ್ತದೆ.

ಮಾಸ್ತರು ಆಮೇಲೆ ನಾಲ್ಕು ವರ್ಷ ಇದ್ದರು. ಕಳೆದ ಮಾಘದಲ್ಲಿ ಹೋದರು. ಗೋಡೆಯಲ್ಲಿ ಅವರ ದನಿ ಇತ್ತು, ಹೋದ ವರ್ಷದ್ದು, ನಡುಗುತ್ತಿದ್ದರೂ ಸ್ಪಷ್ಟ. ಹಬ್ಬ ಹತ್ತಿರ ಬಂದಾಗ ಸಭೆಯಲ್ಲಿ ಯಾರೋ ಮೆಲ್ಲಗೆ, ಈ ಒಂದು ವರ್ಷ ಬಿಡೋಣವೇ ಎಂದರು. ಎಲ್ಲರೂ ತಲೆ ತಗ್ಗಿಸಿದರು. ನನಗೂ ಬಿಡೋಣ ಎನ್ನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಗೂಡಿನಲ್ಲಿ ಆಗಲೇ ಐದು ಮೂಟೆ ಚಿಪ್ಪಿನ ಸುಣ್ಣ ಕೂತಿತ್ತು. ಹಾಸಿಗೆ ಹಿಡಿದ ವಾರ ಮಾಸ್ತರು ಗಾಡಿ ಮಾಡಿ ಕಳಿಸಿದ್ದು. ಕೇಳಿದ್ದಕ್ಕೆ ಗಾಡಿಯವನು, ಎಸ್ತೇರಿ ಮರೆಯಬಾರದಂತೆ ಎಂದಿದ್ದ. ನಾನು ಅದನ್ನು ಸಭೆಗೆ ಹೇಳಿದೆ. ಶನಿವಾರ ನಾನು ಸುಣ್ಣ ಹೊಡೆದೆ, ಮೂರನೆಯ ಕಿಟಕಿಯ ಪಕ್ಕ ಎಲ್ಲಕ್ಕಿಂತ ಕೊನೆಗೆ.

ಹಾಗಾಗಿ ಈ ವರ್ಷದ ಲೆಕ್ಕದಲ್ಲಿ ಸುಣ್ಣಕ್ಕೆ ಖರ್ಚಿಲ್ಲ. ಎಲೆ ಅಡಿಕೆಯ ನೂರು ರೂಪಾಯಿಯೂ ಅರ್ಧಕ್ಕೆ ಇಳಿದಿದೆ, ಶನಿವಾರಕ್ಕೆ ಮಾತ್ರ ಬೇಕು. ಸಲೋಮೆಯಮ್ಮನ ದನಿ ಹೋಯಿತು, ಮಾಸ್ತರ ದನಿಯೂ ಹೋಯಿತು, ಎರಡೂ ಇನ್ನು ಬರುವುದಿಲ್ಲ. ಗೋಡೆ ನಿಂತಿದೆ. ಹೋದ ಭಾನುವಾರ ಒಳಗೆ ನಲವತ್ತೊಂದು ಜನ ಹಾಡಿದೆವು. ಜಗಲಿಯಲ್ಲಿ ಈಗ ಚಪ್ಪಲಿಗಳು ಮಾತ್ರ.